ಕಾರು ವೇಗ ಪಡೆಯದಿದ್ದಾಗ

ಕುಟುಂಬ ಸಮೇತರಾಗಿ ಹೆದ್ದಾರಿಯಲ್ಲಿ ಸಾಗುವಾಗ, ಲಾರಿಯೊಂದನ್ನು ಹಿಂದಿಕ್ಕಲು ಹೊರಟ ಕಾರು ನಡುವೆಯೇ ವೇಗ ಪಡೆಯದಿದ್ದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಈ ದೋಷವನ್ನು ಸಹಿಸಿಕೊಂಡಿರುವುದು ಸಲ್ಲದು. ಹಾಗೆಂದು ಕಾರಣವನ್ನರಿಯದೆ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುವುದೂ ವಿವೇಕವಲ್ಲ. ಅದು ರೋಗವನ್ನರಿಯದೆ ಮದ್ದು ಕೊಟ್ಟಂತೆ.

ಮೊದಲು ಇಂಜಿನ್ನಿನ ಸದ್ದನ್ನು ಗಮನಿಸಬೇಕು. ಆಕ್ಸಲರೇಟರ್ ಒತ್ತಿದಾಗ ಇಂಜಿನ್ನು ಭೋರಿಟ್ಟರೂ ಕಾರು ಅದಕ್ಕೆ ತಕ್ಕಂತೆ ಸಾಗದಿದ್ದರೆ ಕ್ಲಚ್ ಜಾರುತ್ತಿರುವ ಸಂಭವವುಂಟು. ಸ್ವಲ್ಪ ದೂರ ಓಡಿದ ಬಳಿಕ ಒಂದೇ ಚಕ್ರ ಅತಿಯಾಗಿ ಕಾದಿದ್ದರೆ, ಅಲ್ಲಿ ಬ್ರೇಕು ಹಿಡಿದುಕೊಂಡಿರಬಹುದು.

ಇವೆರಡೂ ಅಲ್ಲದೆ ಇಂಜಿನ್ನೇ ಸೊರಗಿದ್ದರೆ ಗಾಳಿ, ಇಂಧನ, ಕಿಡಿ ಈ ಮೂರನ್ನು ಪರೀಕ್ಷಿಸಬೇಕು. 1 ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಧೂಳು ತುಂಬಿದ ಏರ್ ಫಿಲ್ಟರ್ ಆ ಗಾಳಿಯನ್ನು ತಡೆಯುತ್ತದೆ. ಫ್ಯೂಯಲ್ ಫಿಲ್ಟರ್ ಕಟ್ಟಿಕೊಂಡರೆ ಏರುದಾರಿಯಲ್ಲಿ ಇಂಧನ ಸಾಲದಾಗುತ್ತದೆ. ಸ್ಪಾರ್ಕ್ ಪ್ಲಗ್ ಸವೆದರೆ ಇಂಜಿನ್ನು ತಡವರಿಸುತ್ತದೆ. ಈ ತಡವರಿಕೆಯನ್ನು ಉಪೇಕ್ಷಿಸಿದರೆ, ಉರಿಯದೆ ಹೊರಬಂದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು, ಅದರ ಒಳಭಾಗವನ್ನೇ ಕರಗಿಸಿ ಹೊಗೆಯ ದಾರಿಯನ್ನು ಮುಚ್ಚಬಹುದು. ಅಲ್ಪ ಬೆಲೆಯ ಪ್ಲಗ್ಗಿನ ಉಪೇಕ್ಷೆ ಬಹು ದುಬಾರಿಯಾದ ಭಾಗಕ್ಕೆ ಕುತ್ತಾಗುವುದು ಹೀಗೆ.

ಚಾಲಕನ ಮುಂದಿನ ಫಲಕದಲ್ಲಿ ಇಂಜಿನ್ ಚಿಹ್ನೆಯ ದೀಪ ಉರಿದರೆ, ಸ್ಕ್ಯಾನರ್ ಜೋಡಿಸಿ ಕೋಡ್ ಓದಿಸಬೇಕು. ಕೋಡ್ ದೋಷದ ಜಾಡನ್ನು ತೋರುವುದೇ ಹೊರತು ಇಂಥ ಭಾಗವೇ ಕೆಟ್ಟಿದೆಯೆಂದು ತೀರ್ಪು ನೀಡದು. ಸೆನ್ಸರ್ ಬದಲಿಸುವ ಮುನ್ನ ಅದರ ತಂತಿ, ಗಾಳಿಯ ಕೊಳವೆಗಳನ್ನು ನೋಡಿಸುವುದು ಲೇಸು. ಆ ದೀಪವು ಮಿಣುಕತೊಡಗಿದರಂತೂ ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು.

ದೋಷ ಪರಿಹಾರವಾಗುವವರೆಗೆ ಯಾವ ವಾಹನವನ್ನೂ ಹಿಂದಿಕ್ಕುವ ಸಾಹಸ ಬೇಡ. ತಡವಾಗಿಯಾದರೂ ಎಲ್ಲರೂ ಕ್ಷೇಮವಾಗಿ ಮನೆ ಸೇರುವುದೇ ಮುಖ್ಯ.