ನಮ್ಮ ಕೊಟ್ಟಿಗೆಯ ಲೆಕ್ಕ ಲೋಕದ ಪಂಚಾಯಿತಿಯಲ್ಲಿ



ಹಸು ಮೆಲುಕು ಹಾಕುವಾಗ ತೇಗುತ್ತದೆ. ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲವಿದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಿಂದಲೂ ಅದೇ ಅನಿಲ ಏಳುತ್ತದೆ. ಗಾಳಿಗೆ ಸೇರಿದ ಮೇಲೆ ಅದು ಶಾಖವನ್ನು ಹಿಡಿದಿಟ್ಟು ಭೂಮಿಯನ್ನು ಕಾಯಿಸುತ್ತದೆ. ಇದು ವಿಜ್ಞಾನದ ಮಾತು, ಇದರಲ್ಲಿ ತಕರಾರಿಲ್ಲ. ತಕರಾರು ಹುಟ್ಟಿದ್ದು ಲೆಕ್ಕ ಬರೆಯುವಾಗ.

1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ, ಭೂಮಿ ಬಿಸಿಯಾಗಲು ಕಾರಣವಾದ ದೇಶಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಭಾರತಕ್ಕೆ ಐದನೆಯ ಸ್ಥಾನ! ಕಾರು, ಕಾರ್ಖಾನೆಗಳ ಹೊಗೆಯ ಜೊತೆಗೆ ನಮ್ಮ ಹಸು ಎಮ್ಮೆಗಳೂ ಭತ್ತದ ಗದ್ದೆಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಇದಕ್ಕೆ ಗಟ್ಟಿಯಾದ ಉತ್ತರ ಕೊಟ್ಟವರು ಮಂತ್ರಿಗಳಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಎಂಬ ಸ್ವಯಂಸೇವಾ ಸಂಸ್ಥೆಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು ಆ ಪಟ್ಟಿಯನ್ನೇ ಪ್ರಶ್ನಿಸಿದರು. ಬಡವನು ಹೊಟ್ಟೆಪಾಡಿಗೆ ಬೆಳೆದ ಭತ್ತವನ್ನೂ ಶ್ರೀಮಂತನು ಸುಖಕ್ಕಾಗಿ ಓಡಿಸುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಗಾಳಿಯೂ ಕಡಲೂ ಎಲ್ಲರ ಸೊತ್ತಲ್ಲವೇ, ಹಾಗಾದರೆ ಪಾಲನ್ನು ತಲೆ ಎಣಿಸಿ ಹಂಚಬೇಕಲ್ಲವೇ? ಇದು ಅವರ ವಾದ.

ಅದೇ ವರ್ಷ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗಿಳಿದು ಅಳೆದರು. ನಮ್ಮ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 380 ಲಕ್ಷ ಟನ್ ಮೀಥೇನ್ ಬರುತ್ತದೆಂದು ಅಮೆರಿಕದವರು ಅಂದಾಜು ಮಾಡಿದ್ದರು. ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಕೂತಲ್ಲೇ ಬರೆದ ಲೆಕ್ಕಕ್ಕೂ ಗದ್ದೆಯ ಲೆಕ್ಕಕ್ಕೂ ಇಷ್ಟು ಅಂತರ.

1992ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಹವಾಮಾನ ಒಪ್ಪಂದವನ್ನು ಸಹಿಗೆ ಇಟ್ಟಾಗ, ಹೊಣೆ ಎಲ್ಲರದೂ ಆದರೂ ಎಲ್ಲರದೂ ಸಮನಲ್ಲ ಎಂಬ ತತ್ವ ಅದರೊಳಗೆ ಸೇರಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಇಂದು ಒಟ್ಟು ಹೊಗೆಯಲ್ಲಿ ಭಾರತ ಮೂರನೆಯದು. ತಲೆ ಎಣಿಸಿದರೆ ಅಮೆರಿಕದವನ ಪಾಲು ನಮ್ಮವನ ಪಾಲಿನ ಆರು ಪಟ್ಟಿಗೂ ಹೆಚ್ಚು, ನಿಜ. ಹಾಗೆಂದು ಹೊಸೂರಿನಲ್ಲಿ ಎರಡು ಕಾರು ಇಟ್ಟುಕೊಂಡವನು ಅಂಚೆಟ್ಟಿಯ ವಿಧವೆಯ ಹಸುವಿನ ಹಿಂದೆ ಅವಿತುಕೊಳ್ಳಬಾರದು.

ಒಪ್ಪಂದಕ್ಕೆ ಸೇರಿದ ದೇಶಗಳು 1995ರಿಂದ ಹೆಚ್ಚುಕಡಿಮೆ ಪ್ರತಿವರ್ಷವೂ ಸಭೆ ಸೇರುತ್ತಿವೆ. ಸ್ವಯಂಸೇವಾ ಸಂಸ್ಥೆಗಳಿಗೆ ಅಲ್ಲಿ ವೀಕ್ಷಕರ ಸ್ಥಾನ ಮಾತ್ರ, ತೀರ್ಮಾನಿಸುವ ಹಕ್ಕಿಲ್ಲ. ಊರ ಪಂಚಾಯಿತಿಯಲ್ಲಿ ಕಟ್ಟೆಯ ಕೆಳಗೆ ನಿಂತವರಂತೆ. ಆದರೆ ಕೆಳಗೆ ನಿಂತವರು ನೋಡುತ್ತಿದ್ದಾರೆಂದರೆ ಕಟ್ಟೆಯ ಮೇಲಿನವರ ಮಾತು ಹದವಾಗಿರುತ್ತದೆ. ಬರ ನೆರೆಗಳಿಂದ ಬಡದೇಶಗಳಿಗಾದ ನಷ್ಟಕ್ಕೆ ಒಂದು ನಿಧಿ ಬೇಕೆಂದು ಸಣ್ಣ ದ್ವೀಪದೇಶಗಳೊಂದಿಗೆ ಇವರೂ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2022ರಲ್ಲಿ ಈಜಿಪ್ಟಿನ ಸಭೆ ಅದಕ್ಕೆ ಒಪ್ಪಿತು. ನಮ್ಮ ಶ್ರೀಸಭೆಯ ಕಾರಿತಾಸ್ ಸಂಸ್ಥೆಯೂ ಹೀಗೆ ಹೋಗಿ ನಿಲ್ಲುವವರಲ್ಲಿ ಒಂದು. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರವನ್ನು ಪ್ಯಾರಿಸ್ ಸಭೆಗೆ ಆರು ತಿಂಗಳ ಮುಂಚೆ ಹೊರಡಿಸಿದ್ದು ಸುಮ್ಮನೆ ಅಲ್ಲ. 2022ರಲ್ಲಿ ವ್ಯಾಟಿಕನ್ ತಾನೇ ಒಪ್ಪಂದಕ್ಕೆ ಸೇರಿಕೊಂಡಿತು.

ಇಂಥ ಸಭೆಯ ತೀರ್ಮಾನವೊಂದು ನಮ್ಮ ಪಕ್ಕದ ಸೀಮೆಯ ಅಡುಗೆಮನೆಗೇ ಬಂದದ್ದುಂಟು. ಬೆಂಗಳೂರು ದಾಟಿ ಹೈದರಾಬಾದ್ ರಸ್ತೆಯಲ್ಲಿ ನೂರು ಕಿಲೋಮೀಟರ್ ಹೋದರೆ ಬಾಗೇಪಲ್ಲಿ. ನಮ್ಮಂತೆಯೇ ರಾಗಿ ಬೆಳೆಯುವ ಒಣಸೀಮೆ. ಅಲ್ಲಿ ಅಡಾಟ್ಸ್ ಎಂಬ ಸ್ವಯಂಸೇವಾ ಸಂಸ್ಥೆಯ ಆಸರೆಯಲ್ಲಿ ಸಣ್ಣ ರೈತರೂ ಕೂಲಿಗಳೂ ಬಾಗೇಪಲ್ಲಿ ಕೂಲಿ ಸಂಘ ಕಟ್ಟಿಕೊಂಡಿದ್ದರು. 1997ರ ಕ್ಯೋಟೋ ಒಪ್ಪಂದದಲ್ಲಿ ಒಂದು ಏರ್ಪಾಡಿತ್ತು. ಬಡದೇಶದಲ್ಲಿ ಹೊಗೆ ಕಡಿಮೆ ಮಾಡಿದವರಿಗೆ ಟನ್ನಿಗೆ ಇಷ್ಟೆಂದು ಪತ್ರ ಸಿಗುತ್ತದೆ. ಅದನ್ನು ಶ್ರೀಮಂತ ದೇಶದವರು ಹಣ ಕೊಟ್ಟು ಕೊಳ್ಳುತ್ತಾರೆ. ದೊಡ್ಡ ಕಂಪನಿಗಳು ಕಣ್ಣಿಟ್ಟ ಈ ಪೇಟೆಗೆ ಕೂಲಿ ಸಂಘವೂ ಇಳಿಯಿತು. 5,500 ಮನೆಗಳಿಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಘಟಕ. ವರ್ಷಕ್ಕೆ ಸುಮಾರು 19,500 ಟನ್ ಇಂಗಾಲದ ಉಳಿತಾಯ, ಅಂದರೆ ಮನೆಗೆ ಮೂರೂವರೆ ಟನ್. 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಂಡಳಿ ಯೋಜನೆಯನ್ನು ನೋಂದಾಯಿಸಿತು. ಯೋಜನೆ ಇದ್ದದ್ದು ಸಂಘದ ಹೆಸರಿನಲ್ಲಿ. ಇದನ್ನು ಗಮನಿಸಬೇಕು.

ಆ ಪತ್ರಗಳ ಪೇಟೆ ಮುಂದೆ ಕುಸಿಯಿತು. 2008ರಲ್ಲಿ ಟನ್ನಿಗೆ 20 ಯೂರೋ ದಾಟಿದ್ದ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಟೊಮ್ಯಾಟೊ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಟೊಮ್ಯಾಟೊ ಬೆಲೆ ಬಿದ್ದರೆ ರಸ್ತೆಗೆ ಸುರಿಯುತ್ತೇವೆ. ಪತ್ರದ ಬೆಲೆ ಬಿದ್ದರೂ ಒಲೆ ಉರಿಯುತ್ತದೆ.

ಒಲೆಯ ಮಾತಿಗೇ ಬರೋಣ. ಸೌದೆಯ ಹೊಗೆ ಕಣ್ಣುರಿಗೆ ನಿಲ್ಲುವುದಿಲ್ಲ. ಉಬ್ಬಸ, ಬಿಡದ ಕೆಮ್ಮು, ಕಣ್ಣಿನ ಪೊರೆ, ಒಲೆಯ ಬಳಿ ತೊಡೆಯ ಮೇಲೆ ಮಲಗಿದ ಕೂಸಿಗೆ ನ್ಯುಮೋನಿಯಾ, ಎಲ್ಲಕ್ಕೂ ಇದು ದಾರಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಿಲಿಂಡರ್ ಇದ್ದರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆಯೇ ಉರಿಯುವ ಮನೆಗಳು ತಳಿ, ದೆಂಕಣಿಕೋಟೆ ಕಡೆ ಇನ್ನೂ ಇವೆ.

ಬಾಗೇಪಲ್ಲಿಯವರು ಆರಿಸಿದ್ದು ದೀನಬಂಧು ಮಾದರಿ. ಇದನ್ನು 1984ರಲ್ಲಿ ರೂಪಿಸಿದ ಆಫ್‌ಪ್ರೋ ಸಂಸ್ಥೆ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಸಭೆಗಳ ಆಸರೆಯಲ್ಲಿ ಹುಟ್ಟಿದ್ದು. ಎರಡು ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಮಿಶ್ರತಳಿ ಹಸು ಮೂರು ನಾಲ್ಕಿದ್ದರೆ ಸಾಕು. ಮೇಯಲು ಹೋಗುವ ನಾಟಿ ದನವಾದರೆ ಇನ್ನೂ ಬೇಕು. ಹೊರಬರುವ ಬಗ್ಗಡ ರಾಗಿಗೂ ಗುಲಾಬಿಗೂ ಒಳ್ಳೆಯ ಗೊಬ್ಬರ. ನಮ್ಮಲ್ಲಿ ಮಾರ್ಗಶಿರದ ಚಳಿಗೆ ಗ್ಯಾಸು ಕಡಿಮೆಯಾಗುತ್ತದೆ, ಗಾಬರಿ ಬೇಡ. ಆದರೆ ಸೋರಿಕೆಗೆ ಎಚ್ಚರ. ಉರಿಯದೆ ಗಾಳಿಗೆ ಹೋದ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಬೆಂಕಿಯ ಅಪಾಯ ಬೇರೆ. ತಿಂಗಳಿಗೊಮ್ಮೆ ಪೈಪಿನ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಸಹಾಯಧನದ ಬಗ್ಗೆ ಬ್ಲಾಕ್ ಆಫೀಸಿನಲ್ಲಿ ವಿಚಾರಿಸಿ.

ನಿಮ್ಮ ಮಾವಿನ ತೋಪಿಗೆ, ಕೊಟ್ಟಿಗೆಗೆ 'ಕಾರ್ಬನ್ ಹಣ' ಕೊಡಿಸುತ್ತೇವೆಂದು ಯಾರಾದರೂ ಬಂದರೆ ಓಡಿಸಲೂ ಬೇಡಿ, ಅವಸರಕ್ಕೆ ಹೆಬ್ಬೆಟ್ಟೂ ಒತ್ತಬೇಡಿ. ಪತ್ರ ಯಾರ ಹೆಸರಿನಲ್ಲಿ, ಎಷ್ಟು ವರ್ಷಕ್ಕೆ, ಬೆಲೆ ಬಿದ್ದರೆ ನಷ್ಟ ಯಾರಿಗೆ ಎಂದು ಕೇಳಿ. ಕಾಗದವನ್ನು ಕನ್ನಡದಲ್ಲೋ ತಮಿಳಿನಲ್ಲೋ ಬರೆದುಕೊಡಲು ಹೇಳಿ. ಒಬ್ಬೊಬ್ಬರೇ ಸಹಿ ಹಾಕುವ ಮುಂಚೆ ಭಾನುವಾರ ಪೂಜೆಯಾದ ಮೇಲೆ ನಾಲ್ಕು ಮನೆಯವರು ಕೂತು ಓದಿ.