ಕಾಡು ನುಂಗಿದ ಕಡ್ಡಿ, ಕಡಲು ಕಂಡ ಆನೆ

2024ರ ಜುಲೈ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್‌ನಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿ ಆನೆ ಹಿಂಡೊಂದು ಬೀಡುಬಿಟ್ಟಿತ್ತು. ಸಲಗ, ಹೆಣ್ಣಾನೆ, ಮರಿ, ಎಲ್ಲವೂ ನಿಜದ ಅಳತೆಯವೇ. ಹತ್ತಿರ ಹೋದವರಿಗೆ ಕಂಡದ್ದು ಚರ್ಮವಲ್ಲ, ಒತ್ತೊತ್ತಾಗಿ ಕೂರಿಸಿದ ಕಡ್ಡಿ. ನಮ್ಮ ಹನೂರಿನ ಬೆಟ್ಟಗಳ ಕಡೆಯವರು ಯಾರಾದರೂ ಅಲ್ಲಿ ನಿಂತಿದ್ದರೆ ಆ ಕಡ್ಡಿಯ ಗುರುತು ಹಿಡಿಯದೆ ಇರುತ್ತಿರಲಿಲ್ಲ. ಅದು ಲಂಟಾನ.

ಒಟ್ಟು ನೂರು ಆನೆಗಳ ಈ ಹಿಂಡು ಅದೇ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ, ಡಿಸೆಂಬರಿನಲ್ಲಿ ಮಯಾಮಿಯ ಕಡಲತೀರಕ್ಕೆ ಹೋಯಿತು. ಇದೇ ಬಗೆಯ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲೂ 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ನಿಂತಿದ್ದವು. ಇವನ್ನು ಕಟ್ಟಿದವರು ನೀಲಗಿರಿ ಸೀಮೆಯ ಸುಮಾರು 200 ಆದಿವಾಸಿ ಕುಶಲಕರ್ಮಿಗಳು: ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್ ಮತ್ತು ಸೋಲಿಗ ಸಮುದಾಯದವರು. ಮಾದರಿಗೆ ನಿಂತದ್ದು ಕಲ್ಪನೆಯ ಆನೆಯಲ್ಲ. ಅವರ ಊರ ಸುತ್ತ ನಿತ್ಯ ಓಡಾಡುವ, ಹೆಸರಿಟ್ಟು ಕರೆಯುವ ಆನೆಗಳೇ.

ಸೋಲಿಗರ ನೆಲೆಗಳಲ್ಲಿ ಮುಖ್ಯವಾದವು ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಬೆಟ್ಟಗಳು. ಬಿಳಿಗಿರಿರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದವನಾದ್ದರಿಂದ ಅವರಿಗೆ ಅವನು ಭಾವ. ಅತ್ತ ಹನೂರಿನ ಕಡೆ ಹುಲಿಯೇರಿದ ಮಾದಪ್ಪ. ಅವನ ಎಪ್ಪತ್ತೇಳು ಮಲೆಗಳನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ರಾತ್ರಿಯಿಡೀ ಹಾಡುತ್ತಾರೆ. ಬೆಟ್ಟವನ್ನು ನೆಂಟನಂತೆ, ದೇವರಂತೆ ಕಂಡು ಅದನ್ನೇ ಹಾಡು, ಕುಣಿತ, ಕಥೆ ಮಾಡಿಕೊಳ್ಳುವುದು ಇಲ್ಲಿ ತಲೆಮಾರುಗಳಿಂದ ಬಂದ ರೂಢಿ. ಲಂಟಾನ ಈ ಬೆಟ್ಟಗಳಿಗೆ ಬಂದದ್ದು ಬಹಳ ಈಚೆಗೆ.

ಲಂಟಾನದ ತವರು ಉಷ್ಣವಲಯದ ಅಮೆರಿಕ. 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಭಾರತಕ್ಕೆ ತಂದ ಗಿಡ, ತೋಟದ ಬೇಲಿ ದಾಟಿ ಕಾಡು ಸೇರಿತು. ಹಣ್ಣು ತಿಂದ ಹಕ್ಕಿಗಳು ಬೀಜ ಬಿತ್ತುತ್ತವೆ. ಪೊದೆ ದಟ್ಟವಾದರೆ ಕೆಳಗೆ ಹುಲ್ಲು ಏಳದು, ಮರದ ಸಸಿಯೂ ಏಳದು. ಬಿಳಿಗಿರಿರಂಗನಬೆಟ್ಟದಲ್ಲಿ ಗುರುತು ಹಾಕಿಕೊಂಡು ಅಧ್ಯಯನ ಮಾಡಿದ ತಾಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇ 81ಕ್ಕೆ ಏರಿತ್ತು. ದೇಶದ ಹುಲಿ ನೆಲೆಗಳ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಇದು ಹಬ್ಬಿದೆ ಎಂದು 2020ರ ಅಧ್ಯಯನವೊಂದು ಅಂದಾಜಿಸಿತು.

ಯಾಕೆ ಹೀಗಾಯಿತು ಎಂದರೆ ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರ ಉತ್ತರ ‘ತರಗು ಬೆಂಕಿ’. ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗೆಲೆಗೆ ಅವರು ಸಣ್ಣ ಬೆಂಕಿ ಇಡುತ್ತಿದ್ದರು. ಅದು ನೆಲ ಸವರಿಕೊಂಡು ಹೋಗಿ ಎಳೆಯ ಲಂಟಾನವನ್ನು ಸುಡುತ್ತಿತ್ತು, ದೊಡ್ಡ ಮರಕ್ಕೆ ತಾಗುತ್ತಿರಲಿಲ್ಲ. 1974ರಲ್ಲಿ ಬಿಳಿಗಿರಿರಂಗನಬೆಟ್ಟ ವನ್ಯಧಾಮವಾಯಿತು. ತರಗು ಬೆಂಕಿಗೆ ತಡೆ ಬಿತ್ತು. ಸೋಲಿಗರ ಈ ವಿವರಣೆಯನ್ನು ಪರಿಸರ ವಿಜ್ಞಾನಿಗಳೂ ಕೇಳಿ ದಾಖಲಿಸಿದ್ದಾರೆ.

ಹಾವಳಿಯ ಗಿಡವನ್ನು ಕಸುಬಿನ ಸರಕಾಗಿ ಮಾಡಿಕೊಳ್ಳುವ ಕೆಲಸ ಮಾದಪ್ಪನ ಬೆಟ್ಟದ ಸುತ್ತ ಸುಮಾರು ಎರಡು ದಶಕದ ಹಿಂದೆ ಶುರುವಾಯಿತು. ಬಿದಿರು ಸಿಗುವುದು ಕಷ್ಟವಾಗಿತ್ತು. ಬುಟ್ಟಿ ಹೆಣೆಯುವ ಕೈಗಳು ಖಾಲಿ ಕೂತಿದ್ದವು. ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆ ಲಂಟಾನದಲ್ಲಿ ಕುರ್ಚಿ, ಮೇಜು, ಬುಟ್ಟಿ, ಆಟಿಕೆ ಮಾಡುವ ತರಬೇತಿ ಕೊಟ್ಟಿತು.

ಕೆಲಸ ಶುರುವಾಗುವುದು ಕುಡುಗೋಲಿನಿಂದ. ನೆಟ್ಟಗಿರುವ ಕಡ್ಡಿಗಳನ್ನು ಆರಿಸಿ ಕಡಿದು ತಂದು, ನೀರು ತುಂಬಿದ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಸಲೀಸಾಗಿ ಸುಲಿದು ಬರುತ್ತದೆ. ಬಿಸಿಯಿರುವಾಗಲೇ ಬಗ್ಗಿಸಿದರೆ ಬೇಕಾದ ಆಕಾರಕ್ಕೆ ಒಗ್ಗುತ್ತದೆ. ಗೆದ್ದಲೂ ಸುಲಭಕ್ಕೆ ಹತ್ತದು. ಆನೆ ಮಾಡುವಾಗ ಮೊದಲು ಕಬ್ಬಿಣದ ಸರಳಿನ ಚೌಕಟ್ಟು ಏಳಬೇಕು. ಅದರ ಮೇಲೆ ಕಡ್ಡಿಗಳನ್ನು ಒಂದರ ಪಕ್ಕ ಒಂದು ಬಗ್ಗಿಸಿ ಕೂರಿಸುತ್ತ ಬಂದರೆ, ಕಡ್ಡಿಯ ಗೆರೆಗಳೇ ಆನೆಯ ಮೈಸುಕ್ಕಾಗುತ್ತವೆ. ಬೆನ್ನು ಎಲ್ಲಿ ಉಬ್ಬಬೇಕು, ಮರಿ ತಾಯಿಯ ಯಾವ ಮಗ್ಗುಲಿಗೆ ಒರಗಬೇಕು ಎಂಬುದು ಅಳತೆಪಟ್ಟಿಗಿಂತ ಹೆಚ್ಚಾಗಿ ಹೊಲದ ಅಂಚಿನಲ್ಲಿ ಆನೆ ಕಾದ ಕಣ್ಣಿಗೆ ಗೊತ್ತು. ಮುಸುಕಿನ ಜೋಳದ ಬೆಳೆಗೆ ರಾತ್ರಿ ಕಾವಲು ಕೂರುವುದು ಹನೂರಿನ ಕಾಡಂಚಿನವರಿಗೆ ಹೊಸದಲ್ಲ.

ಹಾಗೆಂದು ಆನೆ ಕಟ್ಟಿ, ಕುರ್ಚಿ ಮಾರಿ ಲಂಟಾನವನ್ನು ಮುಗಿಸಿಬಿಡಬಹುದೆಂದು ಯಾರೂ ನಂಬಿಲ್ಲ. ಕಸುಬಿಗೆ ಬೇಕಾದದ್ದು ನೆಟ್ಟನೆಯ ಕಡ್ಡಿ ಮಾತ್ರ. ಕಾಡಿನಲ್ಲಿರುವುದು ಸಾವಿರಾರು ಎಕರೆ ಸಿಕ್ಕುಸಿಕ್ಕಾದ ಪೊದೆ. ಮೇಲೆ ಕಡಿದರೆ ಮೊದಲ ಮಳೆಗೇ ಬುಡದಿಂದ ಚಿಗುರುತ್ತದೆ. ನೆಲದೊಳಗಿನ ಬುಡವನ್ನೇ ಅಗೆದು, ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಆಮೇಲೂ ಹಕ್ಕಿ ಉದುರಿಸಿದ ಬೀಜದಿಂದ ಏಳುವ ಸಸಿಗಳನ್ನು ಎರಡು ಮೂರು ಮಳೆಗಾಲ ಕೀಳುತ್ತಲೇ ಇರಬೇಕು, ಅಲ್ಲಿ ಹುಲ್ಲು ಮತ್ತೆ ಬೇರೂರುವ ತನಕ.