ನಿಮಗಿದು ಗೊತ್ತೆ? ಬೆಳಗಿನ ಲಾಲ್‌ಬಾಗ್‌ಗೆ ಟಿಕೆಟ್ ಇಲ್ಲ

ತಡಸ ಕ್ರಾಸಿನಲ್ಲಿ ರಾತ್ರಿ ಬಸ್ ಹತ್ತಿ ನಸುಕಿನಲ್ಲಿ ಬೆಂಗಳೂರಲ್ಲಿ ಇಳಿದವರಿಗೆ ಒಂದು ಲಾಭವಿದೆ. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ 6ರಿಂದ 9ರವರೆಗೆ ಪ್ರವೇಶ ಉಚಿತ. ವಾಯುವಿಹಾರಿಗಳಿಗಾಗಿ ಬಿಟ್ಟ ಹೊತ್ತಿದು, ಆಮೇಲೆ ಟಿಕೆಟ್. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ದರವೇ ಬೇರೆ. ಸಮವಸ್ತ್ರ ತೊಟ್ಟು ಬರುವ ಶಾಲಾ ಮಕ್ಕಳಿಗೆ ಆಗಲೂ ರಿಯಾಯಿತಿ ಉಂಟು.

ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಆಗ ಅರಸರದ್ದು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ 240 ಎಕರೆ. ಅದೇ ಊರಿನ ಕಬ್ಬನ್ ಪಾರ್ಕ್‌ನಲ್ಲಿ ಅಡ್ಡಾಡಲು ಕಾಸಿಲ್ಲ!

ಲಂಡನ್ನಿನ ಕ್ಯೂ ಉದ್ಯಾನವೂ ಮೊದಲು ಪುಕ್ಕಟೆಯೇ. ಯುದ್ಧಕಾಲದ 1916ರಲ್ಲಿ ಒಂದು ಪೆನ್ನಿ ಇಟ್ಟರು. ಇಂದು ದೊಡ್ಡವರ ಟಿಕೆಟ್‌ಗೆ ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಹೆಚ್ಚು.